ಆಯಿಯ ಡಬ್ಬಿಯಲ್ಲಿ ಉಳಿದ ನೂರಾ ಎಂಬತ್ತೆರಡು ಹರಳು

ಫೆಬ್ರುವರಿ ೧೯, ಬೆಳಿಗ್ಗೆ ೭ ಗಂಟೆ ೧೦ ನಿಮಿಷ. ನಮ್ಮ ಮಡ್ಡಿ ಹೊಲದೊಳಗೆ ಜೆಸಿಬಿ ಇಳಿದದ್ದು ಆಗ. ಎರಡು ವರ್ಷದ ಹಿಂದಿನ ಮಾತು. ಆ ದಿನದ ಪುಟದಲ್ಲಿ ಇನ್ನೂ ಮೂರು ಸಂಗತಿಗಳಿವೆ: ರೊಟ್ಟಿ ೩೦, ಎಮ್ಮೆಯ ಹಾಲು ಎರಡೂವರೆ ಲೀಟರ್, ನಿಡಸೋಸಿ ಬಸ್ಸು ಹನ್ನೆರಡು ನಿಮಿಷ ತಡ.

ಎಂಟನೇ ಇಯತ್ತೆಯಿಂದ ನಾನು ದಿನಚರಿ ಬರೆಯುತ್ತ ಬಂದಿದ್ದೇನೆ. ಮನಸ್ಸಿನ ಮಾತು ಬರೆಯಲು ಅಷ್ಟಾಗಿ ಬರುವುದಿಲ್ಲ, ಎಣಿಸಲು ಬರುತ್ತದೆ. ಮನೆಯಲ್ಲಿ ದಿನಕ್ಕೆ ಎಷ್ಟು ರೊಟ್ಟಿ ಆಯಿತು, ಒಂದು ಚೀಲ ಜೋಳ ಯಾವ ತಾರೀಖಿಗೆ ಬಿಚ್ಚಿದೆವು, ಯಾವ ತಾರೀಖಿಗೆ ತಳ ಕಂಡಿತು, ಎಲ್ಲ ನನ್ನ ಪುಸ್ತಕದಲ್ಲಿದೆ. ಈ ಬರಹ ಆ ಎಣಿಕೆಗಳಿಂದ ಆದದ್ದು. ಅವುಗಳಲ್ಲಿ ಒಂದು ಎಣಿಕೆ ತಪ್ಪಿತ್ತು. ತಪ್ಪಿದ್ದು ನಾನು.

ನಮ್ಮದು ಹುಕ್ಕೇರಿ ತಾಲೂಕು. ದಡ್ಡಿಯ ಕಡೆಯಿಂದ ಸಂಕೇಶ್ವರಕ್ಕೆ ಹೋಗುವ ದಾರಿಯಲ್ಲಿ ಬಸ್ಸು ನಮ್ಮೂರಲ್ಲಿ ಎರಡು ಕಡೆ ನಿಲ್ಲುತ್ತದೆ. ಮನೆಯಲ್ಲಿ ಆರು ಜನ: ಆಯಿ, ಅಪ್ಪ, ಅವ್ವ, ಅಣ್ಣ, ವೈನಿ, ನಾನು. ಆಯಿ ಅಂದರೆ ಅಪ್ಪನ ತಾಯಿ, ವೈನಿ ಅಂದರೆ ಅಣ್ಣನ ಹೆಂಡತಿ. ಎರಡು ಹೊಲ ಇವೆ. ಕೆಳಗಿನದು ಎರೆ ಭೂಮಿ, ಅದರಲ್ಲಿ ಕಬ್ಬು. ಆ ಕಬ್ಬು ಕಾರ್ಖಾನೆಗೆ ಹೋಗುತ್ತದೆ, ಅದನ್ನು ನಾವು ಉಣ್ಣುವುದಿಲ್ಲ. ಮೇಲಿನದು ಮಡ್ಡಿ, ಅರವತ್ತು ಗುಂಟೆ. ಮೇಲೆ ಒಂದು ಮೊಳ ಕೆಂಪು ಮಸಾರಿ ಮಣ್ಣು, ಅದರ ಕೆಳಗೆ ಗುದ್ದಲಿಗೆ ಕಿಡಿ ಹಾರುವಂಥ ಗರಸು. ಆ ಒಂದು ಮೊಳದಲ್ಲಿ ಬೆಳೆಯುವ ಮುಂಗಾರಿ ಜೋಳ ನಮ್ಮ ಊಟ.

ಜೋಳದ ಲೆಕ್ಕ ಸರಳ. ದಿನಕ್ಕೆ ಮೂವತ್ತು ರೊಟ್ಟಿ, ಅದಕ್ಕೆ ಎರಡು ಕಿಲೋ ಹಿಟ್ಟು. ನೂರು ಕಿಲೋದ ಒಂದು ಚೀಲ ಐವತ್ತು ದಿನ ಬರುತ್ತದೆ. ಏಳು ಚೀಲಕ್ಕೆ ಮುನ್ನೂರೈವತ್ತು ದಿನ. ಉಳಿದ ಹದಿನೈದು ದಿನ ಹೋಳಿಗೆ, ಕಡಬು, ಯಾರದೋ ಮನೆಯ ಮದುವೆ. ಮಡ್ಡಿ ಒಂಬತ್ತು ಚೀಲ ಕೊಡುತ್ತಿತ್ತು. ಏಳು ಊಟಕ್ಕೆ, ಎರಡು ಬೀಜಕ್ಕೆ, ಬಂದವರಿಗೆ, ಹೊಲದಲ್ಲಿ ಕುರಿ ತರುಬುವ, ಅಂದರೆ ಗೊಬ್ಬರಕ್ಕೆಂದು ರಾತ್ರಿ ತಂಗಿಸುವ, ಮಾಮಾನಿಗೆ. ಹೊಸ ಜೋಳ ಮನೆಗೆ ಬರುವ ದಿನ ಹಳೆಯ ಚೀಲದಲ್ಲಿ ಇನ್ನೂ ಒಂದು ಮೊರದಷ್ಟು ಉಳಿದಿರಬೇಕು ಎಂಬುದು ಆಯಿಯ ಹಟ. ಆ ಒಂದು ಮೊರ ಇಲ್ಲದ ವರ್ಷ ನನ್ನ ಪುಸ್ತಕದಲ್ಲಿ ಅಲ್ಲಿಯವರೆಗೆ ಇರಲಿಲ್ಲ.

ಗರಸು ಬೇಕಾಗಿದ್ದು ರಸ್ತೆಗೆ. ಊರಿನ ಟ್ರ್ಯಾಕ್ಟರ್ ಚಾಚಾ ಅದನ್ನು ಕೇಳಿಕೊಂಡು ಬಂದರು. ಅವರಿಗೆ ಮೂರು ಟ್ರ್ಯಾಕ್ಟರ್ ಇವೆ, ಹೊಳೆಯ ದಂಡೆಗೆ ಒಂದು ಇಟ್ಟಂಗಿ ಭಟ್ಟಿ ಇದೆ. ಅವರ ಅಜ್ಜ ಮತ್ತು ನನ್ನ ಮುತ್ತಜ್ಜ ಒಂದೇ ಬಾವಿಗೆ ಎತ್ತು ಹೂಡಿ ನೀರಿನ ಮೊಟ್ಟೆ ಹೊಡೆದವರು. ಮಡ್ಡಿಯ ಅರ್ಧ, ಅಂದರೆ ಮೂವತ್ತು ಗುಂಟೆಯಲ್ಲಿ, ಸೊಂಟದ ಮಟದವರೆಗೆ ಗರಸು ತೆಗೆಯುವುದು. ಬದಲಿಗೆ ಅವರ ಜೆಸಿಬಿ ನಮ್ಮ ಕಬ್ಬಿನ ಹೊಲಕ್ಕೆ ಪೈಪ್‌ಲೈನ್ ತಗ್ಗು ತೋಡಿಕೊಡುವುದು. ಕಚೇರಿಯ ಕಾಗದ ಚಾಚಾ ನೋಡಿಕೊಂಡರು. ಅಪ್ಪ ಒಪ್ಪಿದರು. ಆಯಿ ಕಟ್ಟೆಯ ಮೇಲೆ ಕುಳಿತು ಎಲ್ಲ ಕೇಳಿಸಿಕೊಂಡಳು.

"ಏ ತಮ್ಮಾ, ಗರಸ ಒಯ್ಯಿ. ಮ್ಯಾಲಿನ ಮಣ್ಣ ಒಯ್ಯಬ್ಯಾಡ" ಎಂದಳು.

"ಮಣ್ಣ ನನಗ್ಯಾಕ ಆಯೀ? ಬಾಜೂಕ ಗುಡ್ಡಿ ಹಾಕ್ಸ್ತೇನಿ. ಗರಸ ತಗದ ಮ್ಯಾಲ ಮತ್ತ ಹೊಳ್ಳಿ ಹರವಿ ಕೊಡ್ತೇನಿ. ಮಿರಗದ ಮಳಿಗೆ ನೀವು ಬಿತ್ರಿ" ಎಂದರು ಚಾಚಾ.

"ಎಷ್ಟ ತಗೀತಿ ಅಷ್ಟs ಹಾಕಬೇಕ."

"ನಿಮ್ಮ ಮೊಮ್ಮಗಳ ಅದಾಳಲ್ಲ, ಎಣಿಸ್ಲಿ. ಆಕಿ ಪುಸ್ತಕದಾಗ ನಮ್ಮ ಕೋಳಿ ಇಟ್ಟ ತತ್ತೀನೂ ಬರದಿರ್ತಾಳ."

ಎಲ್ಲರೂ ನಕ್ಕರು. ನನಗೆ ಒಳಗೊಳಗೆ ಹೆಮ್ಮೆಯಾಯಿತು. ಆ ಸಂಜೆಯೇ ಹೊಸ ಪುಟಕ್ಕೆ ಗೆರೆ ಎಳೆದೆ.

ಮೊದಲು ತೆಗೆದದ್ದು ಮೇಲಿನ ಕೆಂಪು ಮಣ್ಣು. ಜೆಸಿಬಿ ಕೆರೆದು ಟ್ರೇಲರಿಗೆ ತುಂಬುತ್ತಿತ್ತು, ಟ್ರೇಲರ್ ಅದನ್ನು ಹೊಲದ ಪಡುವಣ ಬದುವಿಗೆ ಒಯ್ದು ಸುರಿಯುತ್ತಿತ್ತು. ಬೆಳಿಗ್ಗೆ ಎಂಟು ಇಪ್ಪತ್ತರ ಬಸ್ಸಿಗೆ ನಾನು ಕಾಲೇಜಿಗೆ ಹೋಗಬೇಕಿತ್ತು. ಅಲ್ಲಿಯವರೆಗಿನ ಖೇಪು, ಅಂದರೆ ಟ್ರೇಲರಿನ ಒಂದೊಂದು ಹೇರು, ನಾನು ಎಣಿಸುತ್ತಿದ್ದೆ, ಆಮೇಲಿನದು ಆಯಿ. ಆಯಿಗೆ ಅಕ್ಷರ ಬರುವುದಿಲ್ಲ. ಬೇವಿನ ಗಿಡದ ಕೆಳಗೆ ಕುಳಿತು, ಒಂದು ಖೇಪಿಗೆ ಒಂದು ಹರಳುಕಲ್ಲಿನಂತೆ ಡಾಲ್ಡಾ ಡಬ್ಬಿಯಲ್ಲಿ ಹಾಕುತ್ತಿದ್ದಳು. ನನ್ನ ಪಾಲಿನ ಖೇಪುಗಳ ಹರಳನ್ನೂ ಸಂಜೆ ನನ್ನಿಂದಲೇ ಎಣಿಸಿ ಹಾಕಿಸಿಕೊಳ್ಳುತ್ತಿದ್ದಳು. ಡಬ್ಬಿ ತುಂಬಿದ ಮೇಲೆ ಹಳೆಯ ಹಾಲಿನ ಕ್ಯಾನಿಗೆ ಸುರಿದಳು, ಆದರೆ ಕೊನೆಯವರೆಗೂ ಅದಕ್ಕೆ ಡಬ್ಬಿ ಎಂದೇ ಅಂದಳು. ಮಾರ್ಚ್ ೫ಕ್ಕೆ ಮಣ್ಣು ತೆಗೆಯುವುದು ಮುಗಿಯಿತು. ನನ್ನ ಪುಸ್ತಕದಲ್ಲಿ ೫೪೬. ಆಯಿಯ ಹರಳು ೫೪೬. ಎರಡು ಸಲ ಎಣಿಸಿದೆವು. ಆ ದಿನ ನಾನು ಬರೆದ ಒಂದೇ ಶಬ್ದ: "ಸರಿ."

ಆಮೇಲೆ ಗರಸು. ಅದನ್ನು ತೆಗೆಯುವಾಗ ನಮ್ಮ ಕಡೆ ಒಂದು ರೂಢಿ ಇದೆ. ಮೇಲಿನ ಮಣ್ಣು ಕೆರೆಯುವಾಗಿನಿಂದಲೇ ಹೊಲದ ನಡುವೆ ಅಲ್ಲಲ್ಲಿ ಒಂದೊಂದು ಮಣ್ಣಿನ ಕಂಬವನ್ನು ಮುಟ್ಟದೆ ಬಿಡುತ್ತಾರೆ. ಅದರ ತಲೆ ಹಳೆಯ ನೆಲದ ಮಟ, ಬುಡ ಹೊಸ ತಗ್ಗಿನ ಮಟ. ಎಷ್ಟು ಆಳ ತೆಗೆದರು ಎಂಬ ತಕರಾರು ಬಂದರೆ ಅದನ್ನು ಅಳೆದು ನೋಡುತ್ತಾರೆ. ಅದಕ್ಕೆ ಸಾಕ್ಷಿ ಎಂದು ಹೆಸರು. ನಮ್ಮ ಹೊಲದಲ್ಲಿ ನಾಲ್ಕು ಸಾಕ್ಷಿ ನಿಂತವು. ಮೇಲೆ ಹಳೆಯ ಜೋಳದ ಕೂಳೆ, ಅದರ ಕೆಳಗೆ ಒಂದು ಮೊಳ ಕೆಂಪು, ಅದರ ಕೆಳಗೆ ಬಿಳಿ ಹಳದಿ ಗರಸು. ಕತ್ತರಿಸಿದ ಕೇಕಿನ ಹಾಗೆ ಪದರು ಪದರಾಗಿ ಕಾಣುತ್ತಿತ್ತು. ಆಯಿ ಅವುಗಳ ಕೆಂಪು ಭಾಗವನ್ನು ತನ್ನ ಮೊಣಕೈಯಿಂದ ಬೆರಳ ತುದಿಯವರೆಗೆ ಇಟ್ಟು ನೋಡಿದಳು. ನಾಲ್ಕರಲ್ಲೂ ಒಂದು ಮೊಳ, ಒಂದರಲ್ಲಿ ಎರಡು ಬೆರಳು ಹೆಚ್ಚು.

ಗರಸು ಮೇ ೧೦ರ ತನಕ ಹೋಯಿತು. ರಸ್ತೆಯಾಯಿತು, ಪೈಪ್‌ಲೈನೂ ಆಯಿತು. ಚಾಚಾ ಮಾತಿಗೆ ತಪ್ಪಲಿಲ್ಲ. ಮೇ ೧೨ಕ್ಕೆ ಮಣ್ಣು ಹಿಂದಕ್ಕೆ ಹಾಕಲು ಶುರು ಮಾಡಿದರು. ಕಾಲೇಜಿಗೆ ರಜೆ ಇತ್ತು, ಪ್ರತಿ ಖೇಪನ್ನೂ ನಾನೇ ಎಣಿಸಿದೆ. ಆಯಿಯೂ ಪಕ್ಕದಲ್ಲೇ ಕ್ಯಾನು ಇಟ್ಟುಕೊಂಡು ಕುಳಿತಳು. ಈ ಸಲ ಹರಳು ಹಾಕುವುದಲ್ಲ, ತೆಗೆದು ಚೆಲ್ಲುವುದು. ಎಲ್ಲ ಹರಳು ಖಾಲಿಯಾದಾಗ ಎಲ್ಲ ಮಣ್ಣು ಬಂದಂತೆ.

ಮೇ ೧೨ರ ಪುಟದಲ್ಲಿ ನಾನು ಹೀಗೆ ಬರೆದಿದ್ದೇನೆ: "ಖೇಪು ೩೮. ಬಿಸಿಲು ಜೋರು. ಟ್ರೇಲರಿನ ಮೇಲ್ಹಲಗೆಗಳನ್ನು ತೆಗೆದು ಬೇವಿನ ಗಿಡಕ್ಕೆ ಒರಗಿಸಿದ್ದಾರೆ. ಅವುಗಳ ನೆರಳಲ್ಲಿ ನಾಯಿ ಮಲಗಿದೆ." ನಾಯಿಯನ್ನು ಕೂಡ ಬರೆದಿದ್ದೇನೆ. ಹಲಗೆ ಯಾಕೆ ತೆಗೆದರು, ತೆಗೆದರೆ ಏನಾಗುತ್ತದೆ ಎಂದು ಯೋಚಿಸಲಿಲ್ಲ.

ಮೇ ೨೬ರ ಮಧ್ಯಾಹ್ನ ೫೪೬ ಮುಗಿಯಿತು. ನಾನು ಎದ್ದು ನಿಂತು ಅಪ್ಪನಿಗೂ ಚಾಚಾನಿಗೂ ಕೇಳುವಂತೆ ಹೇಳಿದೆ, "ಲೆಕ್ಕ ಪೂರಾ ಆತು. ಐನೂರಾ ನಲವತ್ತಾರು ಹೋಗಿದ್ವು, ಐನೂರಾ ನಲವತ್ತಾರು ಬಂದಾವು."

ಬದುವಿನಲ್ಲಿ ಇನ್ನೂ ಒಂದು ದೊಡ್ಡ ಗುಡ್ಡೆ ಉಳಿದಿತ್ತು. ಅದರಿಂದ ಯಾರಿಗೂ ಆಶ್ಚರ್ಯವಾಗಲಿಲ್ಲ. ಅಗೆದ ಮಣ್ಣು ಉಬ್ಬುತ್ತದೆ ಎಂಬುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಕಂಬ ನೆಡಲು ತಗ್ಗು ತೋಡಿ, ಕಂಬ ಇಟ್ಟು, ಮಣ್ಣು ತುಂಬಿದರೂ ಒಂದು ಬುಟ್ಟಿ ಮಣ್ಣು ಹೊರಗೇ ಉಳಿಯುತ್ತದೆ.

"ಉಬ್ಬಿದ್ದು ಉಳದೈತಿ" ಎಂದರು ಅಪ್ಪ.

ಆಯಿ ಕ್ಯಾನನ್ನು ನನ್ನ ಮುಂದೆ ಸರಿಸಿದಳು. "ಹರಳ ಉಳದಾವು ನೋಡ."

ಎಣಿಸಿದೆ. ೧೮೨ ಇದ್ದವು. ನಾನು ನಕ್ಕುಬಿಟ್ಟೆ. "ಆಯೀ, ನಡುವ ನಿದ್ದಿ ಹತ್ತಿತ್ತೇನ?"

ಚಾಚಾನ ಡ್ರೈವರನೂ ನಕ್ಕ. ಅಪ್ಪ, "ಬಿಸಲಾಗ ಕುಂತ ಮುದುಕಿಗಿ ಜೋಂಪ ಬರೂದಿಲ್ಲೇನ, ಬಿಡ" ಎಂದರು. ಆಯಿ ಕ್ಯಾನು ಎತ್ತಿಕೊಂಡು ಮನೆಗೆ ನಡೆದಳು. ಬದುವಿನ ತನಕ ಹೋಗಿ ತಿರುಗಿ ಒಂದೇ ಮಾತು ಹೇಳಿದಳು.

"ಮಳಿ ಆಗೂತನ ಆ ಗುಡ್ಡಿ ಮುಟ್ಟಬ್ಯಾಡ್ರಿ. ಸಡ್ಲ ಮಣ್ಣ ಮಳಿಗೆ ಕೂಡ್ತೈತಿ. ಆಮ್ಯಾಲ ಸಾಕ್ಷಿ ನೋಡೂಣು."

ಸಂಜೆ ಹೊಲಕ್ಕೆ ಹೋಗಿ ನಾನೇ ಸಾಕ್ಷಿಯ ಪಕ್ಕದಲ್ಲಿ ಕೈ ಇಳಿಸಿ ನೋಡಿದೆ. ಹರವಿದ ಮಣ್ಣು ಮೊಳಕ್ಕೆ ನಾಲ್ಕು ಬೆರಳು ಕಡಿಮೆ. ಅಷ್ಟೇನೂ ಕಡಿಮೆ ಅನಿಸಲಿಲ್ಲ. ಪುಸ್ತಕ ಸರಿ ಇತ್ತು, ಗುಡ್ಡೆ ಉಬ್ಬಿದ್ದಕ್ಕೆ ಕಾರಣ ಇತ್ತು. ಇಟ್ಟಂಗಿ ಭಟ್ಟಿಯವರಿಗೆ ಮಳೆಗಿಂತ ಮುಂಚೆ ಮಣ್ಣು ಬೇಕು, ಮಳೆ ಬಿದ್ದ ಮೇಲೆ ಇಟ್ಟಂಗಿ ಒಣಗುವುದಿಲ್ಲ. ಚಾಚಾ ಕೇಳಿದರು, "ಅಣ್ಣಾ, ಉಳದ ಗುಡ್ಡಿ ನನಗ ಕೊಡ್ರಿ. ಅದಕ್ಕ ಇಟ್ಟಂಗಿ ಕೊಡ್ತೇನಿ. ಆಯಿ ಕಾಳಿಗೊಂದ ಖೋಲಿ ಆಗ್ತೈತಿ." ಇಲಿಯ ಕಾಟಕ್ಕೆ ಕಾಳಿನ ಕೋಣೆ ಕಟ್ಟಿಸಬೇಕೆಂದು ಅಪ್ಪ ನಾಲ್ಕು ವರ್ಷದಿಂದ ಹೇಳುತ್ತಿದ್ದರು. ಅಪ್ಪ ನನ್ನ ಮುಖ ನೋಡಿದರು. "ಲೆಕ್ಕ ಪೂರಾ ಐತಲ್ಲ?"

"ಐತಿ" ಎಂದೆ.

ಮೇ ೨೮ರಿಂದ ೩೦ರವರೆಗೆ ಗುಡ್ಡೆ ಭಟ್ಟಿಗೆ ಹೋಯಿತು. ಆ ಖೇಪುಗಳನ್ನು ನಾನು ಎಣಿಸಲಿಲ್ಲ. ಅದು ನಮ್ಮ ಲೆಕ್ಕದ ಹೊರಗಿನದು ಅಂದುಕೊಂಡಿದ್ದೆ.

ಜೂನ್ ೪ಕ್ಕೆ ಮೊದಲ ದೊಡ್ಡ ಮಳೆ. ಸಂಜೆ ೪:೫೦ರಿಂದ ೬:೧೫. ಆಮೇಲೆ ೫, ೭, ೮ಕ್ಕೂ ಬಂತು. ೯ನೆಯ ತಾರೀಖು ಮಳೆ ವರಪು ಕೊಟ್ಟಿತು, ಬಿಸಿಲು ಬಿತ್ತು. ಆಯಿ ನನ್ನನ್ನು ಕರೆದುಕೊಂಡು ಮಡ್ಡಿಗೆ ಹೋದಳು. ಮಣ್ಣು ಕೂತಿತ್ತು. ನಾಲ್ಕೂ ಸಾಕ್ಷಿಗಳ ಬುಡದಲ್ಲಿ ಆಯಿ ಕಬ್ಬಿಣದ ಸಲಾಕೆ ಚುಚ್ಚಿಸಿದಳು. ಟಣ್ ಎಂದು ಗರಸು ತಾಗಿದ ಕಡೆ ಬೆರಳಿಟ್ಟು ಸಲಾಕೆ ಎತ್ತಿದೆ. ಅವಳು ಅದರ ಮೇಲೆ ಕೈ ಹರವಿದಳು. ಹೆಬ್ಬೆರಳಿನಿಂದ ಕಿರುಬೆರಳಿಗೆ ಒಂದು ಗೇಣು, ಅದರ ಮೇಲೆ ನಾಲ್ಕು ಬೆರಳು. ಗೇಣು ಅಂದರೆ ಅರ್ಧ ಮೊಳ, ಹನ್ನೆರಡು ಬೆರಳು. ಮೂರು ಸಾಕ್ಷಿಗಳ ಹತ್ತಿರ ಅಷ್ಟೇ. ಒಂದರ ಹತ್ತಿರ ಇನ್ನೂ ಒಂದು ಬೆರಳು ಹೆಚ್ಚು.

ಆಗ ಹೇಳಿದಳು. "ಹೋಗುಮುಂದ ಗಾಡಿ ಗೋಡಿ ಮ್ಯಾಲ ಹಲಗಿ ಇದ್ವು. ಬರುಮುಂದ ಹಲಗಿ ಇರಲಿಲ್ಲ. ಹಲಗಿ ಇಲ್ಲದ ಮೂರ ಗಾಡಿ ಅಂದ್ರ ಹಲಗಿ ಇದ್ದ ಎರಡ ಗಾಡಿ. ಮೂರ ಬಂದ್ರ ನಾ ಎರಡs ಹರಳ ತಗದೇನಿ. ನಿದ್ದಿ ಹತ್ತಿರಲಿಲ್ಲ ನನಗ."

೫೪೬ರಲ್ಲಿ ಮೂರನೆಯ ಒಂದು ಪಾಲು ೧೮೨. ಅಲ್ಲೇ ನಿಂತು ಮನಸ್ಸಿನಲ್ಲಿ ಭಾಗಿಸಿದೆ. ಶೇಷ ಉಳಿಯಲಿಲ್ಲ.

"ಅವತ್ತs ಯಾಕ ಹೇಳ್ಲಿಲ್ಲ ಆಯಿ?"

"ನೀವು ನಗಾಕತ್ತಿದ್ರಿ."

ಚಾಚಾ ಸುದ್ದಿ ಕೇಳಿ ಅದೇ ದಿನ ಬಂದರು. ಹಲಗೆ ತೆಗೆಸಿದ್ದು ಗಾಡಿ ತಗ್ಗಿನಲ್ಲಿ ಇಳಿಯುವಾಗ ಪಲ್ಟಿಯಾಗಬಾರದೆಂದು. ಅದರಲ್ಲಿ ಮೋಸ ಇರಲಿಲ್ಲ. ಡ್ರೈವರ್ ಖೇಪು ನೋಡಿದ್ದ, ನಾನು ಖೇಪು ನೋಡಿದ್ದೆ. ಗಾಡಿಯೊಳಗೆ ನೋಡಿದವಳು ಆಯಿ ಒಬ್ಬಳೇ. "ಮಣ್ಣ ಹೊಳ್ಳಿ ತರೋಣು ಅಂದ್ರ ಭಟ್ಟಿಗಿ ಬೆಂಕಿ ಹಚ್ಚಿ ಆತು ಅಣ್ಣಾ" ಎಂದರು ಚಾಚಾ, ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡು. ಆಯಿ ಚಹಾ ಕೊಟ್ಟಳು. ಕೊಡುತ್ತ ಕೊಡುತ್ತ, "ಸುಟ್ಟ ಮಣ್ಣಾಗ ಜ್ವಾಳ ಹುಟ್ಟೂದಿಲ್ಲ. ಇಟ್ಟಂಗಿನರ ಗಟ್ಟಿ ಕೊಡ" ಎಂದಳು.

ಇಟ್ಟಂಗಿ ಗಟ್ಟಿಯೇ ಇದ್ದವು. ಶ್ರಾವಣದೊಳಗೆ ಕಾಳಿನ ಕೋಣೆ ಎದ್ದಿತು. ಒಂದು ಬಾಗಿಲು, ಜಾಳಿಗೆ ಹಾಕಿದ ಒಂದು ಕಿಟಕಿ. ಇಲಿ ಬರುವುದಿಲ್ಲ.

ಜೋಳವನ್ನು ಎರಡೂ ಭಾಗಕ್ಕೆ ಒಂದೇ ದಿನ, ಜೂನ್ ೧೪ಕ್ಕೆ ಬಿತ್ತಿದೆವು. ಮುಟ್ಟದ ಮೂವತ್ತು ಗುಂಟೆಯಲ್ಲಿ ಜೋಳ ನನ್ನ ತಲೆಯ ಮೇಲೆ ಹೋಯಿತು. ತೆಗೆದ ಮೂವತ್ತು ಗುಂಟೆಯಲ್ಲಿ ನನ್ನ ಮೊಣಕಾಲಿಗೆ ನಿಂತಿತು. ತಗ್ಗಾದ್ದರಿಂದ ಮಳೆಗಾಲದಲ್ಲಿ ನೀರು ನಿಂತು ಎಲೆ ಹಳದಿಯಾದವು. ಅಣ್ಣ ಹರಿ ಕಡಿದು ನೀರು ಹೊರಗೆ ಬಿಟ್ಟ. ಮಳೆ ನಿಂತ ಎಂಟೇ ದಿನಕ್ಕೆ ಅದೇ ಎಲೆಗಳು ಒಣಗಿ ಸುತ್ತಿಕೊಂಡವು. ಒಂದು ಗೇಣು ಮಣ್ಣಿಗೆ ನೀರು ಹೆಚ್ಚಾದರೂ ತಡೆಯುವುದಿಲ್ಲ, ಕಡಿಮೆಯಾದರೂ ತಡೆಯುವುದಿಲ್ಲ. ರಾಶಿಯಾದ ಮೇಲೆ ಅಳೆದದ್ದು: ಮುಟ್ಟದ ಕಡೆ ನಾಲ್ಕು ಚೀಲ, ತೆಗೆದ ಕಡೆ ಅರ್ಧ ಚೀಲ. ಬೀಜಕ್ಕೂ ಮಾಮಾನಿಗೂ ಅರ್ಧ ತೆಗೆದಿಟ್ಟರೆ ಊಟಕ್ಕೆ ನಾಲ್ಕು. ನಾಲ್ಕು ಚೀಲಕ್ಕೆ ಇನ್ನೂರು ದಿನ. ನವೆಂಬರ್ ೨೪ಕ್ಕೆ ಹೊಸ ಹಿಟ್ಟು ಬೀಸಿಸಿದೆವು. ನಡುವಿನ ಹಬ್ಬದ ಆರು ದಿನ ಸೇರಿಸಿ ಲೆಕ್ಕ ಹಾಕಿ ಜೂನ್ ೧೮ರ ಪುಟದ ಮೇಲೆ ಮುಂಚೆಯೇ ಪೆನ್ಸಿಲಿನಲ್ಲಿ ಬರೆದೆ: "ಜೋಳ ಮುಗಿಯುವುದು."

ಜನವರಿಯಲ್ಲಿ ಮಾಮಾ ಬಂದರು. ಮಾಮಾ ಅಂದರೆ ಆಯಿಯ ಅಣ್ಣನ ಮಗ. ಅವರ ಕುರಿಗಳು ಮಳೆಗಾಲ ಗೋಕಾಕದ ಕಡೆಯ ಗುಡ್ಡಗಳಲ್ಲಿದ್ದು, ಸುಗ್ಗಿ ಮುಗಿದ ಮೇಲೆ ನಮ್ಮ ಕಡೆ ಇಳಿಯುತ್ತವೆ. ಖಾಲಿ ಹೊಲದಲ್ಲಿ ರಾತ್ರಿ ಕುರಿ ತರುಬಿದರೆ ಹಿಕ್ಕೆ ಗಂಜಳ ಬಿದ್ದು ಮಣ್ಣು ಏಳುತ್ತದೆ. ಒಂದು ರಾತ್ರಿಗೆ ಐದು ಕಿಲೋ ಜೋಳ ಕೊಡುವುದು ನಮ್ಮಿಬ್ಬರ ಮನೆಗಳ ನಡುವಿನ ರೂಢಿ. ಪ್ರತಿ ವರ್ಷ ಐದು ರಾತ್ರಿ. ಮಾಮಾ ಬದುವಿನ ಮೇಲೆ ನಿಂತು ಹೊಲ ನೋಡಿದರು.

"ಏನ ಅತ್ತೀ, ನನ್ನ ಕುರಿ ಈಜಾಡ್ಲಿ ಅಂತ ಕೆರಿ ತೋಡ್ಸಿಯೇನ?"

"ತೋಡ್ಸಿದಾಂವ ನನ್ನ ಮಗ. ಎಣಿಸಿದಾಕಿ ನನ್ನ ಮೊಮ್ಮಗಳು. ನೀ ಹದಿನೈದ ರಾತ್ರಿ ಕುರಿ ತರಬು, ಎಲ್ಲಾ ಈ ತಗ್ಗಿನ್ಯಾಗs."

ಅಪ್ಪ ತಡೆದರು. "ಐದ ರಾತ್ರಿ ಸಾಕು. ಹೆಚ್ಚಿಂದಕ್ಕ ಕೊಡೂದೇನು?"

"ಜ್ವಾಳ."

"ನಾವು ಉಣ್ಣೂದೇನು?"

"ನೀವೂ ಜ್ವಾಳs ಉಣ್ರಿ. ನನ್ನ ಪಾಲಿಂದು ಇವಂಗ ಅಳೀರಿ." ಆಯಿ ನನ್ನ ಕಡೆ ತಿರುಗಿದಳು. "ಏ ಲೆಕ್ಕದಾಕಿ, ದಿನಕ್ಕ ನನ್ನ ರೊಟ್ಟಿ ಎಷ್ಟ?"

"ನಾಕು."

"ಹತ್ತ ರಾತ್ರಿ ಹೆಚ್ಚಿಂದು ಅರ್ಧ ಚೀಲ ಆಗ್ತೈತಿ. ಅಷ್ಟ ಜ್ವಾಳ ಉಳಿಬೇಕಂದ್ರ ನಾ ಎಷ್ಟ ದಿನ ರೊಟ್ಟಿ ಬಿಡಬೇಕ?"

ನಾನು ಬೇಕೆಂದೇ ತಡ ಮಾಡಿದೆ. ಲೆಕ್ಕ ಆಗಲೇ ಆಗಿತ್ತು. "ನೂರಾ ಎಂಬತ್ತೇಳು."

"ಅಷ್ಟ ದಿನ ರೇಶನ್ ಅಕ್ಕಿ ಉಣ್ತೇನಿ."

ಮಾಮಾ ರುಮಾಲು ತೆಗೆದು ಮತ್ತೆ ಸುತ್ತಿಕೊಂಡರು. "ಅತ್ತೀ, ಈ ವರ್ಷ ನನಗ ಜ್ವಾಳ ಬ್ಯಾಡ."

"ಗಪ್ಪ ಇರ. ಕಾಳ ಅಳೀದs ತರಬಿದ ಕುರಿ ಹೊಲಕ್ಕ ಹತ್ತೂದಿಲ್ಲ. ನಿಮ್ಮಪ್ಪ ಇದ್ದಾಗಿಂದ ಪುಕ್ಕಟ ತರಬಿಲ್ಲ, ಇವತ್ತ್ಯಾಕ ತರಬತಿ?"

ಮಾಮಾ ಹದಿನೈದು ರಾತ್ರಿ ಕುರಿ ತರುಬಿದರು, ಎಪ್ಪತ್ತೈದು ಕಿಲೋ ಅಳೆಸಿಕೊಂಡರು. ಹೊರಡಬೇಕಾಗಿದ್ದ ಹದಿನಾರನೆಯ ರಾತ್ರಿಯೂ ಕುರಿ ಅಲ್ಲೇ ಇದ್ದವು. ಕೇಳಿದರೆ, "ಒಂದ ಮರಿಗಿ ಕಾಲ ನೋವು, ನಡ್ಯಾಕ ಆಗವಲ್ದು" ಎಂದರು. ಬೆಳಿಗ್ಗೆ ಎಲ್ಲ ಮರಿಗಳೂ ಸರಿಯಾಗಿಯೇ ನಡೆದು ಹೋದವು.

ಆಯಿ ಜನವರಿ ೨೨ರಿಂದ ರೊಟ್ಟಿ ಬಿಟ್ಟಳು. ಅವ್ವ ಎರಡು ದಿನ ಅವಳ ತಾಟಿಗೆ ರೊಟ್ಟಿ ಹಾಕಿ ನೋಡಿದಳು. ಆಯಿ ಅದನ್ನು ನನ್ನ ತಾಟಿಗೆ ದಾಟಿಸಿದಳು. ಅನ್ನಕ್ಕೆ ಹೊಟ್ಟೆ ತುಂಬುತ್ತದೆ, ಆದರೆ ನಿಲ್ಲುವುದಿಲ್ಲ ಎನ್ನುತ್ತಿದ್ದಳು. ಮಧ್ಯಾಹ್ನ ಮೂರಕ್ಕೆ ಮತ್ತೆ ಹಸಿವೆಯಾಗಿ ಒಂದು ಹಿಡಿ ಹುರಿದ ಶೇಂಗಾ ಕೇಳುತ್ತಿದ್ದಳು. ನಾನು ದಿನದ ಪುಟದಲ್ಲಿ "ಆಯಿ" ಎಂಬ ಸಾಲು ಬೇರೆ ಮಾಡಿ ಅದರ ಮುಂದೆ ಸೊನ್ನೆ ಬರೆಯುತ್ತಿದ್ದೆ. ಒಂದು ದಿನ ಆಯಿ ಪುಸ್ತಕದಲ್ಲಿ ಇಣುಕಿ, "ಇದೇನ, ದಿನಾ ತತ್ತಿ ಇಟ್ಟಂಗ?" ಎಂದಳು. ಸೊನ್ನೆ ಎಂದೆ. "ಹಾಂ. ದಿನಾ ಇಡ" ಎಂದಳು.

ಮನೆಯ ಜೋಳ ನಾನು ಪೆನ್ಸಿಲಿನಲ್ಲಿ ಬರೆದಿದ್ದಕ್ಕಿಂತ ಆರು ದಿನ ಮೊದಲೇ ಮುಗಿಯಿತು. ಆಯಿಯ ನೂರಾ ಎಂಬತ್ತೇಳು ದಿನ ಪೂರ್ತಿಯಾಗುವ ಮೊದಲೇ ಚೀಲ ತಳ ಕಂಡಿದ್ದರಿಂದ, ಮಾಮಾನಿಗೆ ಹೆಚ್ಚು ಕೊಟ್ಟದ್ದರಲ್ಲಿ ಹತ್ತು ಹನ್ನೊಂದು ಕಿಲೋ ತುಂಬಿಬಂದಿರಲಿಲ್ಲ. ಜೂನ್ ೧೨ರ ರಾತ್ರಿ ವೈನಿ ಹಿಟ್ಟಿನ ಡಬ್ಬಿ ಕೊಡವಿ ತಟ್ಟಿದ ಕೊನೆಯ ರೊಟ್ಟಿ ಹಸ್ತದಷ್ಟಿತ್ತು. ಹೊಸ ಕಾಳಿನ ಕೋಣೆಯಲ್ಲಿ ಅರ್ಧ ಚೀಲ ಹುರುಳಿ ಮತ್ತು ಅಣ್ಣನ ಸೈಕಲ್ ಇದ್ದವು.

ಸುದ್ದಿ ಮೂಡಲಗಿಗೆ ಮುಟ್ಟಿತು. ಅಲ್ಲಿ ಅಪ್ಪನ ತಂಗಿಯನ್ನು ಕೊಟ್ಟಿದ್ದಾರೆ. ಕಾಲುವೆಯ ನೀರು, ಎರೆ ಮಣ್ಣು, ಅವರಿಗೆ ಜೋಳಕ್ಕೆ ಬರವಿಲ್ಲ. ಜೂನ್ ೨೧ಕ್ಕೆ ಅತ್ತೆ ಟೆಂಪೋದಲ್ಲಿ ಎರಡು ಚೀಲ ಜೋಳ ಹಾಕಿಕೊಂಡು ಬಂದಿಳಿದಳು. ಮಗಳ ಮನೆಗೆ ತವರಿನಿಂದ ಕಾಳು ಹೋಗಬೇಕು, ಮಗಳ ಮನೆಯಿಂದ ತವರಿಗೆ ಕಾಳು ಬರಬಾರದು ಎಂಬುದು ಆಯಿಯ ಕಾಲದ ಕಟ್ಟು. ಆಯಿ ಹೊಸ್ತಿಲಲ್ಲಿ ಅಡ್ಡ ಕುಳಿತಳು.

"ಹೊಳ್ಳಿ ಒಯ್ಯಿ."

"ಮಗಳ ಮನಿ ಜ್ವಾಳ ತಿಂದ್ರ ಏನಾಗ್ತೈತಿ ಯವ್ವಾ?"

"ಹಲ್ಲ ಉದರ್ತಾವು."

"ಬಾಯಿ ತಗಿ ನೋಡೂಣು, ಉದರಾಕ ಎಷ್ಟ ಉಳದಾವು?"

ಅವ್ವ ಸೆರಗು ಬಾಯಿಗೆ ಅಡ್ಡ ಹಿಡಿದಳು. ಆಯಿಗೂ ನಗು ಬಂತು, ಆದರೆ ಜಾಗ ಬಿಡಲಿಲ್ಲ. ಕೊನೆಗೆ ಅತ್ತೆಯೇ ದಾರಿ ತೆಗೆದಳು. ಚೀಲವನ್ನು ಹಿತ್ತಲ ಬಾಗಿಲಿನಿಂದ ಒಳಗೆ ಹಾಕಿಸಿ, "ಇದು ನನ್ನ ಅಣ್ಣಗ, ನಿನಗಲ್ಲ" ಎಂದಳು. ನಾವು ಐವರು ಅದನ್ನು ಉಂಡೆವು. ಅದು ಮುಗಿದ ಮೇಲೆ ಸಂಕೇಶ್ವರದ ಪೇಟೆಯಿಂದ ತಂದೆವು. ಆಯಿ ಎರಡನ್ನೂ ಮುಟ್ಟಲಿಲ್ಲ. ಜುಲೈ ೨೭ಕ್ಕೆ ಅವಳ ನೂರಾ ಎಂಬತ್ತೇಳು ದಿನ ಮುಗಿದವು. ನಾನು ಮರುದಿನ ಮುಂಜಾನೆ ಹೋಗಿ ಹೇಳಿದೆ, "ಆಯಿ, ನಿನ್ನ ದಿನ ಮುಗದ್ವು. ಇವತ್ತ ರೊಟ್ಟಿ ಉಣ್ಣು."

"ನಮ್ಮ ಜ್ವಾಳ ಐತೇನು?"

"ಇಲ್ಲ."

"ಮತ್ತ?"

ಅವಳ ಸಾಲಿನಲ್ಲಿ ಸೊನ್ನೆಗಳು ಮುಂದುವರಿದವು.

ಆ ವರ್ಷದ ಮಳೆ ಹದವಾಗಿತ್ತು. ಕುರಿಯ ಗೊಬ್ಬರ ಬಿದ್ದ ತಗ್ಗಿನಲ್ಲಿ ಜೋಳ ನನ್ನ ಎದೆಯ ತನಕ ಬಂತು. ತೆನೆ ಸಣ್ಣವು, ಆದರೆ ಕಾಳು ತುಂಬಿತ್ತು. ರಾಶಿಯಲ್ಲಿ ಎರಡೂ ಭಾಗಗಳನ್ನು ಕೂಡಿಸಲು ನಾನು ಬಿಡಲಿಲ್ಲ. ಮುಟ್ಟದ ಭಾಗ ನಾಲ್ಕೂವರೆ ಚೀಲ, ತೆಗೆದ ಭಾಗ ಒಂದೂವರೆ. ನವೆಂಬರ್ ೨೬ರಂದು ತೆಗೆದ ಭಾಗದ ಜೋಳವನ್ನೇ ಬೇರೆ ಬೀಸಿಸಿಕೊಂಡು ಬಂದೆ. ವೈನಿ ತಟ್ಟಿದಳು. ಆಯಿ ಮೊದಲ ರೊಟ್ಟಿಯನ್ನು ಮುರಿದು, ಹಾಲಿನಲ್ಲಿ ನೆನೆಸಿ, ಬಹಳ ಹೊತ್ತು ಬಾಯಲ್ಲಿ ಇಟ್ಟುಕೊಂಡಳು. ಎಲ್ಲರೂ ಅವಳ ಬಾಯಿ ನೋಡುತ್ತಿದ್ದೆವು.

"ಹೆಂಗೈತಿ ಯವ್ವಾ?" ಎಂದರು ಅಪ್ಪ.

"ಗರಸ ಹತ್ತೈತಿ" ಎಂದಳು ಆಯಿ. ಇನ್ನೊಂದು ತುಂಡು ಮುರಿದಳು. ಅಂದು ಎರಡು ರೊಟ್ಟಿ ತಿಂದಳು. ಸೊನ್ನೆಗಳನ್ನು ಎಣಿಸಿದೆ, ೩೦೮. ಅವುಗಳ ಮುಂದೆ ೨ ಎಂದು ಬರೆದೆ.

ಈಗಿನ ಸ್ಥಿತಿ ಬರೆದು ಮುಗಿಸುತ್ತೇನೆ. ಬೀಜ ಮತ್ತು ಮಾಮಾನ ಪಾಲು ತೆಗೆದು ಈ ವರ್ಷ ಊಟಕ್ಕೆ ಐದು ಚೀಲ ಇದೆ. ಅದು ಆಗಸ್ಟ್ ಎರಡನೆಯ ವಾರದ ತನಕ ಬರುತ್ತದೆ. ಹೊಸ ಜೋಳಕ್ಕೆ ಅಲ್ಲಿಂದ ಇನ್ನೂ ಮೂರು ತಿಂಗಳು. ಚಾಚಾ ಬೇಸಿಗೆಯಲ್ಲಿ ಬತ್ತಿದ ಕೆರೆಯ ಹೂಳನ್ನು ತಂದು ಹಾಕಿಸುತ್ತಿದ್ದಾರೆ, ಗಾಡಿಗೆ ಹಲಗೆ ಹಚ್ಚಿಸಿ. ಅವರು ಏನೂ ಕೇಳಿಲ್ಲ. ಪ್ರತಿ ಗಾಡಿ ಬಂದಾಗ ಆಯಿ ಹತ್ತಿರ ಹೋಗಿ, ಹಲಗೆಯ ಅಂಚಿನ ತನಕ ಹೂಳು ಇದೆಯೇ ಎಂದು ಇಣುಕಿ ನೋಡಿ, ಆಮೇಲೆ ಒಂದು ಹರಳು ತೆಗೆದು ಬದುವಿನ ಆಚೆ ಎಸೆಯುತ್ತಾಳೆ. ನಾನು ಅವಳ ಹರಳನ್ನು ನೋಡಿ ನನ್ನ ಪುಸ್ತಕದಲ್ಲಿ ಬರೆಯುತ್ತೇನೆ. ಇಲ್ಲಿಯವರೆಗೆ ಮೂವತ್ತೊಂದು. ಕ್ಯಾನಿನಲ್ಲಿ ನೂರಾ ಐವತ್ತೊಂದು ಉಳಿದಿವೆ.

ನಾಲ್ಕು ಸಾಕ್ಷಿಗಳು ಕುಂಟೆ ಹೊಡೆಯುವಾಗ ಎತ್ತಿಗೆ ಅಡ್ಡ ಬರುತ್ತವೆ. ಮೂರನ್ನು ಅಪ್ಪ ಒಡೆದು ಹರವಿದರು. ನಾಲ್ಕನೆಯದನ್ನು ಒಡೆಯಲು ಆಯಿ ಬಿಟ್ಟಿಲ್ಲ. ಅದರ ತಲೆಯ ಮೇಲೆ ಹೋದ ಸಲ ಒಂದು ಜೋಳದ ದಂಟು ತಾನಾಗಿ ಎದ್ದಿತ್ತು. ಅದರ ತೆನೆಯನ್ನು ಆಯಿ ಬೀಜಕ್ಕೆಂದು ಜಂತಿಗೆ ಕಟ್ಟಿದ್ದಾಳೆ.

ನಮಗೆ ಗೊತ್ತಿಲ್ಲದ್ದು ಇಷ್ಟು. ಗರಸಿನ ಮೇಲೆ ಕೆರೆಯ ಹೂಳು ಹಾಕಿದರೆ ಜೋಳದ ಬೇರು ಅದನ್ನು ಹಿಡಿಯುತ್ತದೆಯೇ, ಅಥವಾ ಎರಡು ವರ್ಷ ಹುರುಳಿಯನ್ನೋ ಸೆಣಬನ್ನೋ ಬಿತ್ತಿ ಉಳುಮೆಯಲ್ಲಿ ಮುರಿದು ಹಾಕಿ, ಆಮೇಲೆ ಜೋಳಕ್ಕೆ ಹೋಗುವುದು ಒಳ್ಳೆಯದೇ? ನೀರು ನಿಲ್ಲದ ಹಾಗೆ ತಗ್ಗಿನ ಹೊಲಕ್ಕೆ ಹರಿಯನ್ನು ಎಷ್ಟು ಆಳಕ್ಕೆ ಕಡಿಯಬೇಕು? ಆಯಿಗೆ ಎಪ್ಪತ್ತೆಂಟು. ಕ್ಯಾನು ಖಾಲಿಯಾಗುವುದನ್ನು ಅವಳು ನೋಡಬೇಕೆಂದು ನನ್ನ ಆಸೆ. ಗೋಕಾಕ, ಮೂಡಲಗಿ, ಹುಕ್ಕೇರಿಯ ಕಡೆ, ಅಥವಾ ಬೇರೆ ಎಲ್ಲಿಯಾದರೂ, ಗರಸೋ ಕಲ್ಲೋ ತೆಗೆದ ಹೊಲದಲ್ಲಿ ಮತ್ತೆ ಮನೆಯ ಊಟಕ್ಕೆ ಸಾಲುವಷ್ಟು ಬೆಳೆದವರು ಇದ್ದರೆ, ಎಷ್ಟು ಮಣ್ಣು ಹಾಕಿದಿರಿ, ಮೊದಲು ಏನು ಬಿತ್ತಿದಿರಿ, ಎಷ್ಟನೆಯ ವರ್ಷಕ್ಕೆ ತೆನೆ ತುಂಬಿತು ಎಂದು ದಯಮಾಡಿ ಬರೆದು ತಿಳಿಸಿ. ಖೇಪಿನಲ್ಲಿ ಬರೆಯುವುದಾದರೆ, ಗಾಡಿಗೆ ಹಲಗೆ ಇದ್ದವೋ ಇಲ್ಲವೋ ಅದನ್ನೂ ಬರೆಯಿರಿ.